ನಿಂತ ಬೈಕನ್ನು ಜೀಪಿಗೆ ಕಟ್ಟಿ ಎಳೆಯುವ ಮೊದಲು

ಮಳೆ ನಿಂತು ಕಾಫಿ ಕೊಯ್ಲಿಗೆ ಗೋದಾಮು ಖಾಲಿ ಮಾಡುವ ಹೊತ್ತಿಗೆ ಪ್ರತಿ ವರ್ಷ ನನಗೆ ಒಂದೇ ಪತ್ರ ಬೇರೆ ಬೇರೆ ಕೈಬರಹದಲ್ಲಿ ಬರುತ್ತದೆ. ಮೂಟೆಗಳಿಗೆ ಜಾಗ ಮಾಡಲು ಹೋದವರಿಗೆ ಮೂಲೆಯಲ್ಲಿ ಟಾರ್ಪಾಲ್ ಹೊದ್ದು ನಿಂತ ಬೈಕ್ ಕಾಣುತ್ತದೆ, ತಾತನ ನೆನಪಾಗುತ್ತದೆ, ಒಂದು ಕಿಕ್ ಹೊಡೆದೇಬಿಡೋಣ ಎನಿಸುತ್ತದೆ. ಈ ವರ್ಷ ಇದೇ ಪ್ರಶ್ನೆ ಹನ್ನೊಂದು ಬಾರಿ ಬಂದಿರುವುದರಿಂದ ಪುಟದ ಬಹುಪಾಲು ಅದಕ್ಕೇ ಮೀಸಲು. ಉಳಿದವರು ಬೇಸರಿಸಬೇಡಿ.

ತಾತ ಓಡಿಸುತ್ತಿದ್ದ ಯೆಜ್ಡಿ ರೋಡ್‌ಕಿಂಗ್ ಹದಿನಾಲ್ಕು ವರ್ಷದಿಂದ ಗೋದಾಮಿನಲ್ಲಿ ನಿಂತಿದೆ. ಕಿಕ್ಕರ್ ಅಲುಗಾಡುತ್ತಿಲ್ಲ. ಪ್ಲಗ್ ತೆಗೆದು ಡೀಸೆಲ್ ಸುರಿದು, ಗೇರಿಗೆ ಹಾಕಿ ಜೀಪಿಗೆ ಕಟ್ಟಿ ಎಳೆದರೆ ಬಿಟ್ಟುಕೊಳ್ಳುತ್ತದೆ ಎಂದು ನಮ್ಮೂರಿನ ಮೆಕ್ಯಾನಿಕ್ ಹೇಳುತ್ತಾರೆ. ಮಾಡಬಹುದೇ? — ನಾಪೋಕ್ಲು ಕಡೆಯ ಓದುಗರು

ಬೇಡ. ಬಿಟ್ಟುಕೊಳ್ಳುತ್ತದೆ ಎನ್ನುವುದು ಸುಳ್ಳಲ್ಲ. ಏನು ಬಿಟ್ಟುಕೊಳ್ಳುತ್ತದೆ ಎನ್ನುವುದನ್ನು ನಿಮ್ಮ ಮೆಕ್ಯಾನಿಕ್ ಹೇಳಿಲ್ಲ.

ಇದು ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್ ತಿರುಗುವ ಕೆಳಗಿನ ಗೂಡಿನಲ್ಲಿ ಎಣ್ಣೆ ತುಂಬಿಟ್ಟಿರುವುದಿಲ್ಲ. ಪೆಟ್ರೋಲಿನೊಂದಿಗೆ ಬೆರೆತು ಬರುವ ಎಣ್ಣೆಯ ಪಸೆಯೇ ಅಲ್ಲಿನ ಬೇರಿಂಗುಗಳಿಗೆ ಗತಿ. ಬೈಕ್ ನಿಂತ ಮೇಲೆ ಆ ಪಸೆ ಇಳಿದುಹೋಗುತ್ತದೆ. ಇನ್ನು ನಮ್ಮ ಕೊಡಗಿನ ಗಾಳಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ನೇತುಹಾಕಿದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಕಬ್ಬಿಣ ಯಾವ ಲೆಕ್ಕ? ಪಿಸ್ಟನ್ ಕೆಳಗೆ ಬಂದು ನಿಂತಿದ್ದರೆ ಸಿಲಿಂಡರ್ ಗೋಡೆಯ ಕಿಂಡಿಗಳು, ಅಂದರೆ ಹೊಗೆ ಹೋಗುವ ಎಕ್ಸಾಸ್ಟ್ ಪೋರ್ಟುಗಳೂ ಕೆಳಗೂಡಿನಿಂದ ಮಿಶ್ರಣ ಬರುವ ಟ್ರಾನ್ಸ್‌ಫರ್ ಪೋರ್ಟುಗಳೂ ತೆರೆದಿರುತ್ತವೆ. ಆಗ ಎರಡು ಸೈಲೆನ್ಸರುಗಳ ಬಾಯಿಂದ ಕ್ರ್ಯಾಂಕ್‌ವರೆಗೆ ಥಂಡಿಗೆ ನೇರ ದಾರಿ. ಸಾಲದ್ದಕ್ಕೆ ಪಿಸ್ಟನ್ ಕೆಳಗಿದ್ದಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯೂ ಗೂಡಿನ ತಳದಲ್ಲೇ ಇರುತ್ತದೆ. ನೀರು ಸೇರುವುದೂ ಅಲ್ಲೇ.

ಕಳೆದ ವರ್ಷ ಇಂಥದ್ದೇ ಒಂದು ಎಂಜಿನ್ ಗೋಣಿಕೊಪ್ಪದ ನನ್ನ ಮೇಜಿಗೆ ಬಂತು. ಅದರ ಯಜಮಾನರು ಡೀಸೆಲ್ ಪ್ರಯೋಗ ಮುಗಿಸಿ, ಸ್ಟಾರ್ಟ್ ಮಾಡಿ, ಎರಡು ದಿನ ಊರೆಲ್ಲ ಸುತ್ತಿದ್ದರು. ಮೂರನೆಯ ದಿನ ಭಾಗಮಂಡಲದ ದಾರಿಯಲ್ಲಿ ಕಡಕಡ ಶಬ್ದ ಶುರುವಾಯಿತು. ಕೇಸ್ ಬಿಚ್ಚಿ ನೋಡಿದರೆ ಕ್ರ್ಯಾಂಕಿನ ತಟ್ಟೆಯ ಮೇಲೆ ಅಡ್ಡಲಾಗಿ ಒಂದು ಗೆರೆ, ಸ್ಕೇಲ್ ಇಟ್ಟು ಎಳೆದಷ್ಟು ನೇರ. ಮೇಲಿನ ಭಾಗ ಇನ್ನೂ ಹೊಳೆಯುತ್ತಿತ್ತು. ಕೆಳಗಿನದು ಗೋಡಂಬಿ ಹಣ್ಣು ಕೊಳೆತಂತೆ ಕಂದಾಗಿತ್ತು. ವರ್ಷಗಟ್ಟಲೆ ನೀರು ನಿಂತಿದ್ದ ಮಟ್ಟ ಅದು. ದೊಡ್ಡ ತುದಿಯ ಪಿನ್ನಿನ ಮೇಲೆ ಬೇರಿಂಗಿನ ಒಂದೊಂದು ರೋಲರೂ ತಾನು ಕೂತ ಜಾಗದಲ್ಲಿ ಕಪ್ಪು ಅಚ್ಚು ಬಿಟ್ಟಿತ್ತು. ಉಗುರು ಎಳೆದರೆ ಪ್ರತಿ ಅಚ್ಚಿಗೂ ತಡೆಯುತ್ತಿತ್ತು. ಸುತ್ತಾಡಿದ ಆ ಎರಡು ದಿನವೂ ರೋಲರುಗಳು ಈ ಹಳ್ಳಗಳ ಮೇಲೆಯೇ ಉರುಳಿದ್ದವು.

ಜೀಪಿನ ವಿಷಯವನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸ ಕಲಿಯುವ ಹುಡುಗನಾಗಿದ್ದಾಗ ಹಗ್ಗ ಕಟ್ಟಿದವನು ನಾನೇ. ಹಿಂದಿನ ಚಕ್ರ ಮಣ್ಣಿನಲ್ಲಿ ಗೀರಿಕೊಂಡು ಹತ್ತು ಮಾರು ಬಂದು, ಆಮೇಲೆ ಪಟ್ಟನೆ ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತುಕ್ಕಿಗೆ ಅಂಟಿದ್ದ ಪಿಸ್ಟನ್ ರಿಂಗ್ ಪೋರ್ಟಿನ ಅಂಚಿಗೆ ಸಿಕ್ಕಿ ಮುರಿದು, ಆ ಚೂರು ಸಿಲಿಂಡರಿನ ಒಳಗೋಡೆಯನ್ನು ಮೇಲಿಂದ ಕೆಳಗೆ ಗೀಚಿತ್ತು. ಸಿಲಿಂಡರ್ ಹೋಯಿತು. ಯಜಮಾನರು ಬೈಯಲಿಲ್ಲ; ಅದಕ್ಕೇ ಇನ್ನೂ ಮರೆತಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಹಿಡಿದಿರುವುದು ಎಂಜಿನ್ನೋ ಕಿಕ್ಕರೋ ತಿಳಿದುಕೊಳ್ಳಿ. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಅದರ ಒಳಗಿನ ಶಾಫ್ಟಿಗೆ ತುಕ್ಕು ಹಿಡಿದು, ಎಂಜಿನ್ ಚೆನ್ನಾಗಿಯೇ ಇರುವುದುಂಟು. ಪ್ಲಗ್ ತೆಗೆದು, ಬಲಬದಿಯ ಮುಚ್ಚಳ ಬಿಚ್ಚಿ, ಕ್ರ್ಯಾಂಕಿನ ತುದಿಯಲ್ಲಿರುವ ರೋಟರಿನ ಬೋಲ್ಟಿಗೆ ಪಾನ ಹಾಕಿ ನಿಧಾನಕ್ಕೆ ಆಡಿಸಿ ನೋಡಿ. ಪಾನಕ್ಕೆ ಪೈಪ್ ಸಿಕ್ಕಿಸಿ ಬಲ ಹೆಚ್ಚಿಸುವ ಜಾಣತನ ಬೇಡ, ಬೋಲ್ಟೇ ಕತ್ತರಿಸುತ್ತದೆ. ಅಲುಗಾಡದಿದ್ದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿ ಪ್ಲಗ್ ರಂಧ್ರದಿಂದ ಸ್ವಲ್ಪ ಸುರಿಯಿರಿ. ದಿನಕ್ಕೊಮ್ಮೆ ಹಾಗೆಯೇ ಮಾಡಿ. ಒಂದು ವಾರ ಕಾಯಿರಿ, ಬೇಕಾದರೆ ಎರಡು ವಾರ. ಅಸಿಟೋನ್ ಹತ್ತಿರ ಬೀಡಿ ಹಚ್ಚಬೇಡಿ ಎಂದು ಬರೆಯಬೇಕಾಗಿ ಬಂದಿರುವುದಕ್ಕೆ ಕಾರಣವಿದೆ, ಅದನ್ನು ಕೇಳಬೇಡಿ. ಕೋಲಾ ಸುರಿಯುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಮುಂದಿನ ಪ್ರಶ್ನೆಯೂ ಗೊತ್ತು: ಬಿಟ್ಟುಕೊಂಡಿತಲ್ಲ, ಇನ್ನೇಕೆ ಬಿಚ್ಚಬೇಕು? ಆಯಿಲ್ ಸೀಲುಗಳಿಗಾಗಿ. ಟೂ ಸ್ಟ್ರೋಕಿನ ಕೆಳಗೂಡು ಒಂದು ಪಂಪು. ಅದರ ಗಾಳಿ ಹಿಡಿದಿಡುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ತುಟಿಗಳು. ಹದಿನಾಲ್ಕು ವರ್ಷದಲ್ಲಿ ಅವು ಒಣಗಿದ ವೀಳ್ಯದೆಲೆಯಂತಾಗಿರುತ್ತವೆ. ಎಡಗಡೆಯ ಕ್ಲಚ್ ಬದಿಯದು ಸೋರಿದರೆ ಎಂಜಿನ್ ಗೇರ್ ಎಣ್ಣೆಯನ್ನು ಹೀರಿ ಬಿಳಿ ಹೊಗೆ ಕಾರುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಬಲಗಡೆಯದು ಸೋರಿದರೆ ಬರೀ ಗಾಳಿ ಎಳೆಯುತ್ತದೆ. ಗಾಳಿಗೆ ತಕ್ಕ ಪೆಟ್ರೋಲ್ ಸಿಗದೆ ಮಿಶ್ರಣ ತೆಳುವಾಗಿ, ಎಂಜಿನ್ ಕಾದು, ಘಾಟಿ ಏರುವಾಗ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಷ್ಟರೊಳಗೆ ನಿಮ್ಮ ಮೆಕ್ಯಾನಿಕ್ ಮೂರು ಬಾರಿ ಕಾರ್ಬೊರೇಟರ್ ಟ್ಯೂನ್ ಮಾಡಿರುತ್ತಾರೆ.

ಇದನ್ನು ಪರೀಕ್ಷಿಸಲು ದುಬಾರಿ ಯಂತ್ರ ಬೇಡ. ನನ್ನಲ್ಲಿರುವುದು ಡಾಕ್ಟರೊಬ್ಬರು ಎಸೆದ ಹಳೆಯ ಬಿಪಿ ಉಪಕರಣ, ಅದರ ರಬ್ಬರ್ ಉಂಡೆ ಮತ್ತು ಮುಳ್ಳಿನ ಮಾಪಕ. ಎರಡು ಎಕ್ಸಾಸ್ಟ್ ಬಾಯಿಗಳನ್ನೂ ಕಾರ್ಬೊರೇಟರ್ ಕೂರುವ ಬಾಯಿಯನ್ನೂ ಸೈಕಲ್ ಟ್ಯೂಬಿನ ತುಂಡಿಟ್ಟು ತಗಡಿನಿಂದ ಬಿಗಿದು, ಪ್ಲಗ್ ರಂಧ್ರದಿಂದ ಗಾಳಿ ಹಾಕುತ್ತೇನೆ. ಪಿಸ್ಟನ್ ಕೆಳಗಿರಬೇಕು. ಮುಳ್ಳು 250ಕ್ಕೆ ಬಂದಾಗ ನಿಲ್ಲಿಸಿ ಐದು ನಿಮಿಷ ಕಾಫಿ ಕುಡಿಯುತ್ತೇನೆ. ಮುಳ್ಳು ಅಲ್ಲೇ ಇದ್ದರೆ ಸೀಲ್ ಸರಿ. ಜಾರಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡುತ್ತೇನೆ. ಎಂಜಿನ್ ಜೋಡಿಸಿದ ಮೇಲೆ ಇನ್ನೊಮ್ಮೆ. ಈ ಪರೀಕ್ಷೆ ಮಾಡದೆ ಬೈಕನ್ನು ನಾನು ಅಂಗಡಿಯಿಂದ ಹೊರಗೆ ಬಿಡುವುದಿಲ್ಲ.

ಕ್ರ್ಯಾಂಕ್ ಒತ್ತಿ ಜೋಡಿಸಿದ ವಸ್ತು. ಪಿನ್, ರೋಲರ್, ರಾಡ್ ಬದಲಿಸಲು ಹೈಡ್ರಾಲಿಕ್ ಪ್ರೆಸ್ ಬೇಕು. ಆಮೇಲೆ ಡಯಲ್ ಗೇಜಿನಲ್ಲಿ ತಿರುಗಿಸಿ ನೋಡಿದಾಗ ಓಲಾಟ 0.03 ಮಿ.ಮೀ. ಒಳಗಿರಬೇಕು, ತಲೆಗೂದಲು ಅದಕ್ಕಿಂತ ದಪ್ಪ. ಸುತ್ತಿಗೆಯಲ್ಲಿ ಬಡಿದು ಕಣ್ಣಳತೆಯಲ್ಲಿ ನೋಡುವವರ ಕೈಗೆ ಕೊಡಬೇಡಿ. ಮೈಸೂರಿಗೆ ಒಯ್ಯಿರಿ. ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಈ ಎಂಜಿನ್ ಹುಟ್ಟಿದ ಊರಿನಲ್ಲಿ ಅದರ ಮರ್ಮ ಬಲ್ಲ ಲೇತಿನವರು ಇನ್ನೂ ಇದ್ದಾರೆ. ಮತ್ತೆ, ಎಂಜಿನ್ ಕೇಸನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸುವ ಪಂಡಿತರಿದ್ದಾರಲ್ಲ, ಅವರಿಂದ ದೂರವಿರಿ. ಸೈಲೆನ್ಸರಿನ ಒಳಗಿನ ಕಾರ್ಬನ್ನಿಗೆ ಅದು ಸರಿ. ಅಲ್ಯೂಮಿನಿಯಮ್ಮನ್ನು ಅದು ತಿಂದುಹಾಕುತ್ತದೆ.

ಟ್ಯಾಂಕಿನ ತುಕ್ಕಿಗೆ ನಮ್ಮ ಕೊಡಗಿನ ಅಡಿಗೆಯ ಹುಳಿ, ಕಾಚಂಪುಳಿ ಹಾಕಬಹುದೇ?

ಹುಳಿ ತುಕ್ಕನ್ನು ತಿನ್ನುತ್ತದೆ, ಆದ್ದರಿಂದ ಕೆಲಸವೇನೋ ಮಾಡುತ್ತದೆ. ಆದರೆ ಒಳ್ಳೆಯ ಕಾಚಂಪುಳಿ ಪಂದಿ ಕರಿಗೆ ಇರಲಿ. ಅಂಗಡಿಯ ಸಿಟ್ರಿಕ್ ಆಸಿಡ್ ಪುಡಿ ಲೀಟರ್ ನೀರಿಗೆ 50ರಿಂದ 100 ಗ್ರಾಂ, ಒಂದು ದಿನ. ನಂತರ ಅಡಿಗೆ ಸೋಡಾದ ನೀರಿನಲ್ಲಿ ತೊಳೆದು, ಆ ಗಳಿಗೆಯಲ್ಲೇ ಒಣಗಿಸಿ ಒಳಗೆ 2ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಎಣ್ಣೆ ಆಡಿಸಿ. ಊಟ ಮಾಡಿ ಬಂದು ನೋಡೋಣ ಎಂದರೆ ಅಷ್ಟರಲ್ಲಿ ಮತ್ತೆ ಕೆಂಪಗಾಗಿರುತ್ತದೆ.

ಪೆಟ್ರೋಲಿಗೆ ಎಣ್ಣೆ ಜಾಸ್ತಿ ಹಾಕಿದರೆ ಎಂಜಿನ್‌ಗೆ ಒಳ್ಳೆಯದಲ್ಲವೇ?

ಅಲ್ಲ. ಲೀಟರಿಗೆ 40 ಮಿ.ಲೀ. ಸಾಕು. ಹೆಚ್ಚು ಸುರಿದಷ್ಟು ಪೆಟ್ರೋಲಿನ ಪಾಲು ತಗ್ಗಿ ಮಿಶ್ರಣ ತೆಳುವಾಗುತ್ತದೆ. ನಿಮ್ಮ ಚಿಂತೆ ಬೇರೆಡೆ ಇರಬೇಕು: ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ, ಅದು ನೀರನ್ನು ಹೀರುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ತಳಕ್ಕಿಳಿಯುತ್ತವೆ, ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲ್ ಬಿಡುವ ನಲ್ಲಿ ಇರುವುದು ಟ್ಯಾಂಕಿನ ತಳದಲ್ಲಿ. ಅಂದರೆ ಮೊದಲ ಕಿಕ್ಕಿಗೆ ಎಂಜಿನ್ ಕುಡಿಯುವುದು ಎಣ್ಣೆಯಿಲ್ಲದ ನೀರು. ಮಳೆಗಾಲಕ್ಕೆ ನಿಲ್ಲಿಸುವುದಾದರೆ ಟ್ಯಾಂಕೂ ಕಾರ್ಬೊರೇಟರೂ ಖಾಲಿ ಮಾಡಿ ನಿಲ್ಲಿಸಿ. ಹಳೆಯ ರಬ್ಬರ್ ಪೈಪನ್ನು ಹೇಗೂ ಬದಲಿಸುತ್ತೀರಿ ಎಂದುಕೊಂಡಿದ್ದೇನೆ.

ಹೊಸ ಯೆಜ್ಡಿಯ ಬಿಡಿಭಾಗ ಹಳೆಯದಕ್ಕೆ ಹೊಂದುತ್ತದೆಯೇ?

ಹೊಸದು 334 ಸಿಸಿಯ, ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್. ಹೆಸರೊಂದೇ ಹೊಂದುತ್ತದೆ.

ಸೈಲೆನ್ಸರಿನ ಒಳಗಿನ ಕೊಳವೆ ತೆಗೆದರೆ ಪವರ್ ಬರುತ್ತದೆಯೇ?

ಶಬ್ದ ಬರುತ್ತದೆ.

6 ವೋಲ್ಟಿನ ಜಾವಾಕ್ಕೆ 12 ವೋಲ್ಟಿನ ಎಲ್‌ಇಡಿ ಹಾಕಿದರೆ ಉರಿಯುತ್ತಿಲ್ಲ, ಏಕೆ?

ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿಕೊಳ್ಳಿ. ಹಳೆಯ ಬಲ್ಬಿನ ಬೆಳಕು ಮಂಕಾಗಿದ್ದರೆ ಅರ್ಥ್ ತಂತಿ ಕೂರುವ ಜಾಗದ ಪೇಂಟು, ತುಕ್ಕು ಉಜ್ಜಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಚಾಸಿಯ ಹಿಂಭಾಗ ಕತ್ತರಿಸಿ ಕೆಫೆ ರೇಸರ್ (ಗಿಡ್ಡ ಹಿಂಭಾಗ, ತಗ್ಗಿದ ಹ್ಯಾಂಡಲಿನ ರೇಸ್ ಶೈಲಿಯ ಬೈಕ್) ಮಾಡಿಸಬೇಕೆಂದಿದ್ದೇನೆ. — ಕುಶಾಲನಗರದ ವಿದ್ಯಾರ್ಥಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಕಾನೂನು ಹಾಗಿರಲಿ, ಕಂಡಕಂಡಲ್ಲಿ ಬೆಸುಗೆ ಹಾಕಿದ ಚಾಸಿಯಲ್ಲಿ ಸಂಪಾಜೆ ಘಾಟಿ ಇಳಿಯುವ ಧೈರ್ಯ ನನಗಿಲ್ಲ. ಸೀಟು ಬದಲಿಸಿಕೊಳ್ಳಿ, ಹ್ಯಾಂಡಲ್ ತಗ್ಗಿಸಿಕೊಳ್ಳಿ, ಅಷ್ಟಕ್ಕೆ ತೃಪ್ತರಾಗಿ. ಬೋಲ್ಟಿನಲ್ಲಿ ಕೂತದ್ದನ್ನು ನಾಳೆ ಬಿಚ್ಚಬಹುದು.

1982ರ ಬೈಕಿಗೆ ವಿಂಟೇಜ್ ನೋಂದಣಿ ಸಿಗುತ್ತದೆಯೇ?

50 ವರ್ಷ ದಾಟಿರಬೇಕು ಎಂದು 2021ರ ನಿಯಮ ಹೇಳುತ್ತದೆ. ಕೂಡಿಸಿ ಕಳೆದು ನೋಡಿ.

ಆರ್‌ಸಿ ತೀರಿಹೋದ ತಂದೆಯವರ ಹೆಸರಿನಲ್ಲಿದೆ, ಅವಧಿಯೂ ಮುಗಿದಿದೆ. ಮೊದಲು ಬೈಕ್ ರಿಪೇರಿ ಮಾಡಿಸಲೇ, ಕಾಗದಪತ್ರವೇ? — ಸೋಮವಾರಪೇಟೆ

ಹಣ ಸುರಿಯುವ ಮೊದಲು ಕಾಗದಪತ್ರ ಆಗುವಂಥದ್ದೇ ಎಂದು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿ ಬನ್ನಿ. ವಾರಸುದಾರರ ಹೆಸರಿಗೆ ವರ್ಗಾವಣೆಗೆ ಫಾರಂ 31, ಮರುನೋಂದಣಿಗೆ ಫಾರಂ 25. ಮರುನೋಂದಣಿಗೆ ಬೈಕನ್ನು ಅವರ ಮುಂದೆ ನಿಲ್ಲಿಸಲೇಬೇಕು. ಎಂಜಿನ್ ಮತ್ತು ಚಾಸಿ ನಂಬರನ್ನು ಆರ್‌ಸಿಗೆ ತಾಳೆ ನೋಡುತ್ತಾರೆ. ನಮ್ಮ ಪೇಂಟಿಂಗ್ ಹುಡುಗರು ಆ ಜಾಗವನ್ನೇ ಗ್ರೈಂಡರ್ ಹಿಡಿದು ನುಣುಪು ಮಾಡಿ, ಪುಟ್ಟಿ ಮೆತ್ತಿ, ಮೂರು ಕೋಟು ಬಣ್ಣ ಹೊಡೆಯುತ್ತಾರೆ. ಪೇಂಟಿಗೆ ಕಳಿಸುವ ಮೊದಲೇ ಎರಡೂ ನಂಬರುಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಫೋಟೋ ತೆಗೆಯಿರಿ, ಮೇಲೆ ಟೇಪ್ ಅಂಟಿಸಿ. ಟೇಪ್ ಕಿತ್ತವರಿಗೆ ಕೂಲಿ ಇಲ್ಲ ಎಂದು ಮೊದಲೇ ಹೇಳಿಬಿಡಿ.