ತಾಮ್ರದ ಪದರದ ದಪ್ಪವನ್ನು ಮೊದಲು ಪರಿಶೀಲಿಸಿ

ಧಾರವಾಡದ ಪ್ರಯೋಗಾಲಯದಲ್ಲಿ ತಾವು ತಯಾರಿಸಿದ ಪರ್ಮಲಾಯ್ (ನಿಕಲ್–ಕಬ್ಬಿಣದ ಕಾಂತೀಯ ಮಿಶ್ರಲೋಹ) ಮತ್ತು ತಾಮ್ರದ ಬಹುಪದರ ಫಿಲ್ಮಿನಲ್ಲಿ, ತಾಮ್ರದ ದಪ್ಪ 1.4 ನ್ಯಾನೋಮೀಟರ್ ಇದ್ದು, ಕಾಂತಕ್ಷೇತ್ರ ಕೊಟ್ಟರೂ ವಿದ್ಯುತ್ ರೋಧ ಶೇಕಡಾ 1ರಷ್ಟೂ ಬದಲಾಗದಿರುವುದೇಕೆ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಕಾರಣ ಆ ದಪ್ಪದಲ್ಲೇ ಇದೆ. ಕ್ಷೇತ್ರವಿಲ್ಲದಾಗ ಅಕ್ಕಪಕ್ಕದ ಪರ್ಮಲಾಯ್ ಪದರಗಳ ಕಾಂತೀಯತೆಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿದ್ದರೆ ಮಾತ್ರ, ಕ್ಷೇತ್ರವು ಅವುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಒಂದು ಸ್ಪಿನ್ನಿನ (ಇಲೆಕ್ಟ್ರಾನಿನ ಸ್ವಂತ ಕಾಂತೀಯ ದಿಕ್ಕು) ಇಲೆಕ್ಟ್ರಾನುಗಳಿಗೆ ಎಲ್ಲ ಪದರಗಳಲ್ಲೂ ಸುಗಮ ದಾರಿ ದೊರೆತು ರೋಧ ಗಣನೀಯವಾಗಿ ಇಳಿಯುತ್ತದೆ; ಇದೇ ದೈತ್ಯ ಕಾಂತರೋಧ. ಅಂಥ ವಿರುದ್ಧ ಜೋಡಣೆ ತಾಮ್ರದ ದಪ್ಪ ಸುಮಾರು 0.9 ಮತ್ತು 2 ನ್ಯಾನೋಮೀಟರ್ ಇರುವಲ್ಲಿ ಉಂಟಾಗುತ್ತದೆ. ಇವೆರಡರ ನಡುವೆ ಪದರಗಳು ಮೊದಲೇ ಸಮಾಂತರವಾಗಿರುತ್ತವೆ.

ತಮಗೆ ಕಂಡ ಅಲ್ಪ ಬದಲಾವಣೆ ಪರ್ಮಲಾಯ್‌ನದೇ ಸ್ವಭಾವವಿರಬಹುದು. ಫಿಲ್ಮಿನ ಸಮತಲದಲ್ಲಿ, ವಿದ್ಯುತ್ಪ್ರವಾಹಕ್ಕೆ ಸಮಾಂತರವಾಗಿ ಕ್ಷೇತ್ರ ಕೊಟ್ಟಾಗ ರೋಧ ಏರಿ, ಲಂಬವಾಗಿ ಕೊಟ್ಟಾಗ ಇಳಿದರೆ ಅದು ಹಾಗೆಯೇ. ದೈತ್ಯ ಕಾಂತರೋಧವಾದರೆ ಎರಡೂ ದಿಕ್ಕಿನಲ್ಲಿ ಇಳಿಯಬೇಕು. ದಯವಿಟ್ಟು 0.9ರ ಆಸುಪಾಸಿನಲ್ಲಿ ಒಂದೆರಡು ಮಾದರಿ ತಯಾರಿಸಿ ನೋಡಿ.