ಓದುಗರ ಪ್ರಶ್ನೆ: ಫೇರ್‌ಫೀಲ್ಡ್‌ನ ಕೌಂಟಿ ಕಚೇರಿ, ಮನೆಪತ್ರ, ಹೊಲದ ಲೆಕ್ಕ

ಪ್ರಶ್ನೆ: ಮಗಳಿಗೆ ಅಮೆರಿಕದ ಅಯೋವಾ ರಾಜ್ಯದ ಫೇರ್‌ಫೀಲ್ಡ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್.ಗೆ ಸೀಟು ಸಿಕ್ಕಿದೆ. ಮ್ಯಾಪಿನಲ್ಲಿ ನೋಡಿದರೆ ಸುತ್ತಲೂ ಬರೀ ಹೊಲ. ಎಂಥ ಊರು ಇದು? ಕೌಂಟಿ ಸೀಟ್ ಅಂತಾರಲ್ಲ, ಅಲ್ಲಿ ಏನೇನು ಕೆಲಸ ನಡೆಯುತ್ತದೆ? — ಶಿವಮೊಗ್ಗದ ಓದುಗರು

ಉತ್ತರ: ಹೊಲದ ನಡುವಿನ ಊರೇ ಹೌದು. 2020ರ ಜನಗಣತಿಯಲ್ಲಿ ಜನಸಂಖ್ಯೆ 9,416. ಹಾಗಂತ ಹಳ್ಳಿ ಅಂದುಕೊಳ್ಳಬೇಡಿ. ಅಯೋವಾದ ಮೊದಲ ರಾಜ್ಯ ಮೇಳ 1854ರಲ್ಲಿ ನಡೆದದ್ದು ಇಲ್ಲೇ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ತನಗೆ ನಂಟಿಲ್ಲದ ಊರುಗಳಿಗೂ ಗ್ರಂಥಾಲಯ ಕಟ್ಟಿಸಲು ಹಣ ಕೊಡತೊಡಗಿದ ಮೇಲೆ ಅದನ್ನು ಪಡೆದ ಮೊದಲ ಊರುಗಳಲ್ಲಿ ಇದೂ ಒಂದು. ಆ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ನಡುವೆ ಮರಗಳಿರುವ ಚೌಕ, ಸುತ್ತ ಇಟ್ಟಿಗೆಯ ಹಳೇ ಅಂಗಡಿಸಾಲು, ಅದರ ಉತ್ತರಕ್ಕೆ ಬ್ರಿಗ್ಸ್ ಅವೆನ್ಯೂನಲ್ಲಿ 1890ರ ದಶಕದ ಕೋರ್ಟ್‌ಹೌಸ್, ಅಂದರೆ ಕೋರ್ಟೂ ಕೌಂಟಿ ಕಚೇರಿಗಳೂ ಇರುವ ಕಟ್ಟಡ. ಇದು ಜೆಫರ್ಸನ್ ಕೌಂಟಿಯ ಆಡಳಿತ ಕೇಂದ್ರ.

ನಮ್ಮ ತಾಲ್ಲೂಕು ಕೇಂದ್ರದಂತೆ ಅಂದುಕೊಂಡರೆ ಅರ್ಧ ಸರಿ. ದೊಡ್ಡ ವ್ಯತ್ಯಾಸ ಅಧಿಕಾರಿಗಳದು. ಟ್ರೆಷರರ್ (ಖಜಾಂಚಿ), ರೆಕಾರ್ಡರ್ (ಪತ್ರ ನೋಂದಣಿ), ಆಡಿಟರ್ (ಲೆಕ್ಕಪತ್ರ), ಶೆರಿಫ್ (ಪೊಲೀಸ್ ಮುಖ್ಯಸ್ಥ), ಕೌಂಟಿ ಅಟಾರ್ನಿ (ಸರ್ಕಾರಿ ವಕೀಲ), ಎಲ್ಲರೂ ನಾಲ್ಕು ವರ್ಷಕ್ಕೊಮ್ಮೆ ಓಟಿಗೆ ನಿಂತು ಗೆದ್ದವರು. ಮೇಲಿನಿಂದ ವರ್ಗವಾಗಿ ಬಂದವರಲ್ಲ, ಆ ಕೌಂಟಿಯಲ್ಲೇ ವಾಸವಿರುವವರು. ಆಸ್ತಿಗೆ ಬೆಲೆ ಕಟ್ಟುವ ಅಸೆಸರ್ ಮಾತ್ರ ನೇಮಕಗೊಂಡವರು. ಬೆಲೆ ಕಟ್ಟುವವರು ಓಟು ಕೇಳುವಂತಾಗಬಾರದು, ಅದು ಒಳ್ಳೆಯ ಏರ್ಪಾಡು.

ಮಗಳಿಗೆ ಬೇಕಾಗುವುದು ಮುಖ್ಯವಾಗಿ ಟ್ರೆಷರರ್ ಕಚೇರಿ. ಕಾರು ಕೊಂಡರೆ 30 ದಿನದೊಳಗೆ ಟೈಟಲ್ (ಮಾಲೀಕತ್ವದ ಪತ್ರ) ಅನ್ನು ತನ್ನ ಹೆಸರಿಗೆ ಮಾಡಿಸಬೇಕು, ಬೆಲೆಯ ಮೇಲೆ 5% ಶುಲ್ಕ ಕಟ್ಟಬೇಕು. ಹಳೇ ಕಾರು ಖಾಸಗಿಯವರಿಂದ ಕೊಂಡಾಗ ತೊಂದರೆ ಬರುವುದು ಎರಡು ಕಡೆ: ಮಾರಿದವರು ಟೈಟಲ್ ಮೇಲೆ ಸಹಿ ಹಾಕಿರುವುದಿಲ್ಲ, ಅಥವಾ ಅವರ ಬ್ಯಾಂಕ್ ಸಾಲ ತೀರಿದ್ದು ನಮೂದಾಗಿರುವುದಿಲ್ಲ. ಈ ಎರಡನ್ನೂ ನೋಡಿಯೇ ದುಡ್ಡು ಕೊಡಬೇಕು. ಅಯೋವಾದಲ್ಲಿ ನಂಬರ್ ಪ್ಲೇಟ್ ಕಾರಿನದಲ್ಲ, ಮಾಲೀಕರದು. ಮಾರಿದವರು ಬಿಚ್ಚಿಕೊಂಡು ಹೋಗುತ್ತಾರೆ, ಗಾಬರಿ ಬೇಡ. ಕೆಲಸಕ್ಕೂ ತೆರಿಗೆಗೂ ಬೇಕಾಗುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಮಾತ್ರ ಕೋರ್ಟ್‌ಹೌಸಿನಲ್ಲಿ ಸಿಗದು, ಅದು ಕೇಂದ್ರ ಸರ್ಕಾರದ ಬೇರೆ ಕಚೇರಿಯ ಕೆಲಸ.

ಪ್ರಶ್ನೆ: ಊರ ಪಕ್ಕ ಎರಡು ಚಿನ್ನದ ಬಣ್ಣದ ಗುಮ್ಮಟ ಕಾಣುತ್ತವೆ. ದೇವಸ್ಥಾನವೇ? — ತುಮಕೂರಿನ ಓದುಗರು

ಉತ್ತರ: ಅಲ್ಲ, ಇಲ್ಲಿನ ವಿಶ್ವವಿದ್ಯಾಲಯದ ಧ್ಯಾನಮಂದಿರಗಳು. ಒಂದು ಗಂಡಸರಿಗೆ, ಇನ್ನೊಂದು ಹೆಂಗಸರಿಗೆ. 1875ರಿಂದ ಇದ್ದ ಪಾರ್ಸನ್ಸ್ ಕಾಲೇಜು 1973ರಲ್ಲಿ ಮುಚ್ಚಿತು. ಮರುವರ್ಷ ಮಹರ್ಷಿ ಮಹೇಶ ಯೋಗಿಯವರ ವಿಶ್ವವಿದ್ಯಾಲಯ ಕ್ಯಾಲಿಫೋರ್ನಿಯಾದಿಂದ ಆ ಜಾಗಕ್ಕೆ ಬಂತು. ಒಂದು ವಿಷಯ ಮುಗಿಸಿ ಇನ್ನೊಂದು ಎನ್ನುವುದು ಅಲ್ಲಿನ ಪಾಠಕ್ರಮ. ಕ್ಯಾಂಟೀನು ಸಸ್ಯಾಹಾರಿ, ನಮ್ಮ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ಕಾಲೇಜು ಮುಚ್ಚಿದ ಎಷ್ಟೋ ಸಣ್ಣ ಊರುಗಳು ಸೊರಗಿವೆ, ಫೇರ್‌ಫೀಲ್ಡ್ ಉಳಿದುಕೊಂಡಿತು.

ಪ್ರಶ್ನೆ: ಅಳಿಯಂದಿರು ಅಲ್ಲಿ ಹಳೇ ಮನೆ ಕೊಳ್ಳಲು ಹೊರಟಿದ್ದಾರೆ. ನಮ್ಮ ಕಡೆ ಇ.ಸಿ. ತೆಗೆಸುತ್ತೇವೆ. ಅಲ್ಲಿ ಏನು ನೋಡಬೇಕು? — ಮೈಸೂರಿನ ಓದುಗರು

ಉತ್ತರ: ಅಯೋವಾದ ಪದ್ಧತಿ ಬೇರೆ ರಾಜ್ಯಗಳಂತಲ್ಲ. ಖಾಸಗಿ ಕಂಪನಿಗಳು ಇಲ್ಲಿ ಟೈಟಲ್ ಇನ್ಶೂರೆನ್ಸ್ (ಆಸ್ತಿಯ ಹಕ್ಕಿನಲ್ಲಿ ದೋಷ ಕಂಡುಬಂದರೆ ನಷ್ಟ ತುಂಬಿಕೊಡುವ ವಿಮೆ) ಮಾರುವಂತಿಲ್ಲ. ಬದಲಿಗೆ ‘ಅಬ್‌ಸ್ಟ್ರಾಕ್ಟ್’ ಇರುತ್ತದೆ: ಆ ಜಾಗದ ಕ್ರಯ, ಅಡಮಾನ, ಉಯಿಲು, ಕೋರ್ಟ್ ತೀರ್ಪು ಎಲ್ಲದರ ಸಾರ ಮೊದಲಿನಿಂದ ಇಂದಿನವರೆಗೆ ಒಂದೇ ಕಟ್ಟಿನಲ್ಲಿ. ಅದನ್ನು ಇವತ್ತಿನ ದಿನಾಂಕಕ್ಕೆ ತಂದು, ವಕೀಲರು ಓದಿ ಲಿಖಿತ ಅಭಿಪ್ರಾಯ ಕೊಡುತ್ತಾರೆ. ಅದರ ಮೇಲೆ ರಾಜ್ಯ ಸರ್ಕಾರದ್ದೇ ಟೈಟಲ್ ಗ್ಯಾರಂಟಿ ಪಡೆಯಬಹುದು. ಅಬ್‌ಸ್ಟ್ರಾಕ್ಟ್ ಕಳೆದುಹೋಗಿದ್ದರೆ ಹೊಸದಾಗಿ ಕಟ್ಟಿಸಲು ಹಣವೂ ಹಿಡಿಯುತ್ತದೆ, ವಾರಗಳೂ ಹಿಡಿಯುತ್ತವೆ. ಮಾತುಕತೆಯ ಮೊದಲ ದಿನವೇ ಅದು ಎಲ್ಲಿದೆ ಎಂದು ಕೇಳಲಿ.

ಕ್ರಯಪತ್ರ ನೋಂದಣಿ ರೆಕಾರ್ಡರ್ ಬಳಿ. ವರ್ಗಾವಣೆ ತೆರಿಗೆ ಮೊದಲ 500 ಡಾಲರ್ ಬಿಟ್ಟು ಪ್ರತಿ 500ಕ್ಕೆ 80 ಸೆಂಟ್, ಅದನ್ನು ಮಾರುವವರು ಕಟ್ಟುತ್ತಾರೆ. ಮನೆ ಊರ ಹೊರಗಿದ್ದು ಒಳಚರಂಡಿ ಇಲ್ಲದಿದ್ದರೆ, ಮಾರಾಟಕ್ಕೆ ಮೊದಲು ಸೆಪ್ಟಿಕ್ ಟ್ಯಾಂಕ್ ತಪಾಸಣೆ ಕಡ್ಡಾಯ.

ಆಸ್ತಿ ತೆರಿಗೆ ವರ್ಷಕ್ಕೆ ಎರಡು ಕಂತು, ಸೆಪ್ಟೆಂಬರ್ ಮತ್ತು ಮಾರ್ಚ್. ಅಕ್ಟೋಬರ್ ಅಥವಾ ಏಪ್ರಿಲ್‌ಗೆ ಜಾರಿದರೆ ತಿಂಗಳಿಗೆ 1.5% ಬಡ್ಡಿ. ಬಾಕಿ ಉಳಿದರೆ ಜೂನ್ ಮೂರನೇ ಸೋಮವಾರದ ತೆರಿಗೆ ಹರಾಜಿಗೆ ಹೋಗುತ್ತದೆ. ಹೊಸಬರು ಎಡವುವುದು ಹೀಗೆ: ಬೇಡಿಕೆ ಪತ್ರ ಹಳೇ ಮಾಲೀಕರ ವಿಳಾಸಕ್ಕೆ ಹೋಗಿರುತ್ತದೆ, ಪತ್ರ ಬರಲಿಲ್ಲ ಎಂದರೆ ಬಡ್ಡಿ ಮನ್ನಾ ಆಗುವುದಿಲ್ಲ. ತೆರಿಗೆ ಹಿಂದಿನ ಅವಧಿಯದು, ಆದ್ದರಿಂದ ಮಾರುವವರ ಪಾಲನ್ನು ಕ್ರಯದ ಹಣದಲ್ಲೇ ಕಳೆದುಕೊಳ್ಳಬೇಕು. ಸ್ವಂತ ವಾಸದ ಮನೆಗೆ ರಿಯಾಯಿತಿ ಬೇಕಿದ್ದರೆ ಜುಲೈ 1ರೊಳಗೆ ಅಸೆಸರ್‌ಗೆ ಅರ್ಜಿ ಕೊಡಲಿ.

ಪ್ರಶ್ನೆ: ನಾವು ಗೋವಿನಜೋಳ ಬೆಳೆಯುವವರು. ಅಯೋವಾದ ಹೊಲಗಳು ಮೇಲಿನಿಂದ ನೋಡಿದರೆ ಚೌಕಚೌಕ. ಸರ್ವೆ ನಂಬರ್ ಹೇಗೆ? — ಹಾವೇರಿಯ ಓದುಗರು

ಉತ್ತರ: ರೈತರು ಬರುವ ಮೊದಲೇ, ಬರೀ ಹುಲ್ಲುಗಾವಲಿದ್ದಾಗ, ಸರ್ಕಾರ ನೆಲವನ್ನೆಲ್ಲ ಅಳೆದಿತ್ತು. 6 ಮೈಲಿಗೆ 6 ಮೈಲಿ ಒಂದು ಟೌನ್‌ಶಿಪ್. ಅದರಲ್ಲಿ ಒಂದು ಚದರ ಮೈಲಿಯ 36 ಸೆಕ್ಷನ್, ಪ್ರತಿಯೊಂದೂ 640 ಎಕರೆ. ಸೆಕ್ಷನ್ ಗಡಿಯ ಮೇಲೇ ರಸ್ತೆ ಬಂದಿದ್ದರಿಂದ ಹೆಚ್ಚಿನ ಕಡೆ ಮೈಲಿಗೊಂದು ಜಲ್ಲಿರಸ್ತೆ ಇದೆ.

ಎಣಿಕೆ ಈಶಾನ್ಯ ಮೂಲೆಯಿಂದ ಶುರು. 1ರಿಂದ 6 ಪಶ್ಚಿಮಕ್ಕೆ, ಕೆಳಗಿಳಿದು 7ರಿಂದ 12 ಪೂರ್ವಕ್ಕೆ, ಹೀಗೆ ಕುಂಟೆ ಹೊಡೆದ ಎತ್ತು ಸಾಲಿನ ಕೊನೆಯಲ್ಲಿ ತಿರುಗಿದಂತೆ ಸಾಗಿ ಆಗ್ನೇಯ ಮೂಲೆಯಲ್ಲಿ 36 ಮುಗಿಯುತ್ತದೆ. ಸೆಕ್ಷನ್ 16 ಶಾಲೆಗೆಂದು ಮೀಸಲಿತ್ತು. ಪತ್ರದಲ್ಲಿ ‘ಸೆಕ್ಷನ್ 12, ವಾಯವ್ಯ ಕಾಲುಭಾಗದ ಆಗ್ನೇಯ ಕಾಲುಭಾಗ’ ಎಂದಿದ್ದರೆ ಮೊದಲು ಸೆಕ್ಷನ್ ಹಿಡಿಯಿರಿ, ಅದರ ವಾಯವ್ಯದ 160 ಎಕರೆ, ಅದರೊಳಗೆ ಆಗ್ನೇಯದ 40 ಎಕರೆ. ದಿಕ್ಕಿನ ಕ್ರಮ ಅದಲುಬದಲಾದರೆ ಇನ್ನೊಬ್ಬರ ಹೊಲಕ್ಕೆ ಹೋಗಿ ನಿಲ್ಲುತ್ತೀರಿ.

ಭೂಮಿ ಗುಂಡಗಿದೆ, ಸರಪಳಿ ಅಳತೆಯಲ್ಲಿ ತಪ್ಪೂ ಆಗಿದೆ. ಆ ಹೆಚ್ಚುಕಡಿಮೆಯನ್ನೆಲ್ಲ ಟೌನ್‌ಶಿಪ್‌ನ ಉತ್ತರದ ಸಾಲಿಗೂ ಪಶ್ಚಿಮದ ಸಾಲಿಗೂ ತಳ್ಳಿದರು. ಹಾಗಾಗಿ ಮೂಲೆಯ ಸೆಕ್ಷನ್ 6ರಲ್ಲಿ 640 ಎಕರೆ ಇದೆ ಎಂದು ನಂಬಿ ಕೊಳ್ಳಬಾರದು, ಪತ್ರದ ಎಕರೆ ಲೆಕ್ಕವನ್ನೇ ನೋಡಬೇಕು. ನೇರ ಹೋಗುತ್ತಿದ್ದ ರಸ್ತೆ ಒಮ್ಮೆಲೇ ಬಲಕ್ಕೆ ತಿರುಗಿ ತಕ್ಷಣ ಎಡಕ್ಕೆ ಹೊರಳುವುದಕ್ಕೂ ಇದೇ ಕಾರಣ. ರಾತ್ರಿ ಅಂಥ ಕಡೆ ವೇಗ ಇಳಿಸಿ.

ಪ್ರಶ್ನೆ: ರೈಲಿನಲ್ಲಿ ಹೋಗಬಹುದೇ? — ಧಾರವಾಡದ ಓದುಗರು

ಉತ್ತರ: ಶಿಕಾಗೊದಿಂದ ಬರುವ ಕ್ಯಾಲಿಫೋರ್ನಿಯಾ ಜೆಫಿರ್ ರೈಲು ಫೇರ್‌ಫೀಲ್ಡ್ ಮೂಲಕವೇ ಹಾದು ಹೋಗುತ್ತದೆ, ನಿಲ್ಲುವುದಿಲ್ಲ. ಪೂರ್ವಕ್ಕೆ ಮೌಂಟ್ ಪ್ಲೆಸೆಂಟ್, ಪಶ್ಚಿಮಕ್ಕೆ ಒಟ್ಟಮ್ವಾ, ಈ ಎರಡರಲ್ಲಿ ಒಂದರಲ್ಲಿ ಇಳಿಯಬೇಕು. ದಿನಕ್ಕೆ ಒಂದೇ ಗಾಡಿ. ವಿಮಾನದಲ್ಲಾದರೆ ಸೀಡರ್ ರ್‍ಯಾಪಿಡ್ಸ್ ಅಥವಾ ಡೆ ಮೊಯ್ನ್. ಎಲ್ಲಿ ಇಳಿದರೂ ಕರೆದೊಯ್ಯಲು ಕಾರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಜನವರಿಯಲ್ಲಿ ಹಿಮ ಬಿದ್ದಾಗ ರೈಲು ಗಂಟೆಗಟ್ಟಲೆ ತಡವಾಗುವುದುಂಟು, ದಪ್ಪ ಕೋಟು ಸೂಟ್‌ಕೇಸಿನಲ್ಲಿರದೆ ಕೈಯಲ್ಲೇ ಇರಲಿ.