ಜರ್ಮನಿಯ ಹಳೇ ಮನೆಗೆ ನೆಲದ ಶಾಖದ ಹೀಟ್ ಪಂಪ್ ಹಾಕಿಸಬೇಕಾ, ಗಾಳಿಯದ್ದು ಸಾಕಾ?

ಪ್ರಶ್ನೆ ಓದುತ್ತಿದ್ದಂತೆ ನಮ್ಮ ಮನೆಯೇ ಕಣ್ಣಮುಂದೆ ಬಂತು. ಹೀಟ್ ಪಂಪ್ ಅಂದರೆ ನೆಲದ ಅಥವಾ ಹೊರಗಿನ ಗಾಳಿಯ ಶಾಖವನ್ನು ಕರೆಂಟಿನಿಂದ ಎಳೆದು ಮನೆ ಬೆಚ್ಚಗೆ ಮಾಡುವ ಯಂತ್ರ. 1970ರ ದಶಕದ ಮನೆ, ನೆಲಮಾಳಿಗೆಯಲ್ಲಿ ಹಳೇ ಗ್ಯಾಸ್ ಬಾಯ್ಲರ್, ಕೋಣೆಗಳಲ್ಲಿ ಬಿಸಿನೀರು ಹರಿಯುವ ರೇಡಿಯೇಟರ್, ಹಿಂದುಗಡೆ ಸ್ವಲ್ಪ ತೋಟ. ನೆಲದ ಶಾಖಕ್ಕೆ ಬೋರ್ ಕೊರೆಸಬೇಕಾ, ಹೊರಗೆ ಫ್ಯಾನ್ ಇಡುವ ಗಾಳಿಯ ಪಂಪ್ ಸಾಕಾ, ನೆಲಹಾಸಿನಡಿ ಬಿಸಿನೀರಿನ ಪೈಪ್ ಹಾಕುವ ಫ್ಲೋರ್ ಹೀಟಿಂಗ್ ಇಲ್ಲದೆ ಆಗುತ್ತದಾ, ಬೇಸಿಗೆಯಲ್ಲಿ ತಂಪೂ ಸಿಗುತ್ತದಾ ಅಂತ ಕೇಳಿದ್ದೀರಿ. ನೀವು ಸ್ಟುಟ್‌ಗಾರ್ಟ್ ಕಡೆ, ನಾವು ಫ್ರಾಂಕ್‌ಫರ್ಟ್ ಕಡೆ, ಅಷ್ಟೇ ವ್ಯತ್ಯಾಸ. ನಾವು ಬೋರ್ ಕೊರೆಸಿದೆವು.

2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸ್ ಬೆಲೆ ಹೇಗೆ ಏರಿತು ಅಂತ ನಿಮಗೂ ಗೊತ್ತಲ್ವಾ. ಆಗ ಹೀಟ್ ಪಂಪ್ ಹಾಕುವವರು ಫೋನ್ ಎತ್ತುವುದೇ ಕಷ್ಟವಾಗಿತ್ತು. ಕೊನೆಗೂ ಒಬ್ಬರು ಸಿಕ್ಕರು. ನೆಲಮಾಳಿಗೆಗೆ ಇಳಿದು ಬಾಯ್ಲರ್ ಮೇಲಿನ ತಗಡು ನೋಡಿದರು. 22 ಕಿಲೋವ್ಯಾಟ್ ಅಂತ ಇತ್ತು. "ಹೀಟ್ ಪಂಪ್ ಆದರೆ 16 ಸಾಕು" ಅಂದರು. ನಾನು ಸರಿ ಅಂದೆ. ನನಗೆ ದುಬಾರಿಯಾದದ್ದು ಆ ಒಂದು "ಸರಿ". ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದವಾಗುತ್ತದೆ, ಆದರೂ ಓದಿ.

ಗ್ಯಾಸ್ ಬಾಯ್ಲರ್ ಮೇಲಿನ ಅಂಕಿಗೂ ಮನೆಗೆ ಬೇಕಾದ ಶಾಖಕ್ಕೂ ಸಂಬಂಧವೇ ಇಲ್ಲ. ಸ್ನಾನಕ್ಕೆ ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ಬರಬೇಕು ಅಂತ ಆ ಬಾಯ್ಲರ್‌ಗಳಿಗೆ ಅಷ್ಟು ಶಕ್ತಿ ಕೊಡುತ್ತಿದ್ದರು. ಗ್ಯಾಸ್‌ನಲ್ಲಿ ಹತ್ತು ಕಿಲೋವ್ಯಾಟ್ ಜಾಸ್ತಿ ಹಾಕಿದರೂ ಖರ್ಚು ಹೆಚ್ಚೇನೂ ಏರುವುದಿಲ್ಲ, ಹಾಗಾಗಿ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಹೀಟ್ ಪಂಪ್‌ನಲ್ಲಿ ಹಾಗಲ್ಲ, ಅದರಲ್ಲೂ ನೆಲದ ಪಂಪ್‌ನಲ್ಲಿ ಪ್ರತಿ ಕಿಲೋವ್ಯಾಟೂ ಬೋರ್‌ನ ಆಳಕ್ಕೆ ಸೇರುತ್ತದೆ. 16 ಕಿಲೋವ್ಯಾಟ್ ಪಂಪ್ ಅಂದರೆ ಸುಮಾರು 12 ನೆಲದಿಂದ ಬರಬೇಕು, ಉಳಿದದ್ದು ಕರೆಂಟ್. ಒಂದು ಮೀಟರ್ ಬೋರ್‌ನಿಂದ ಸಾಮಾನ್ಯವಾಗಿ 40–50 ವ್ಯಾಟ್ ತೆಗೆಯಬಹುದು. ಅಲ್ಲಿಗೆ ಕಡಿಮೆ ಅಂದರೂ 240 ಮೀಟರ್. ಆಗ ಇಲ್ಲಿ 100 ಮೀಟರ್ ದಾಟಿದರೆ ಗಣಿ ಇಲಾಖೆಯ ವ್ಯವಹಾರವೂ ಸೇರಿಕೊಳ್ಳುತ್ತಿತ್ತು ಅಂತ ಅದನ್ನು 80 ಮೀಟರಿನ ಮೂರು ಬೋರ್ ಮಾಡಿದರು. ಮೀಟರಿಗೆ ನೂರು ಯೂರೋ ಸುತ್ತಮುತ್ತ ಬಿತ್ತು.

ಆ ಚಳಿಗಾಲ ಮನೆ ಬೆಚ್ಚಗಿತ್ತು. ಆದರೆ ಪಂಪ್ ಒಂದೇ ಸಮ ಆನ್ ಆಫ್, ಆನ್ ಆಫ್. ಕರೆಂಟ್ ಬಿಲ್ ನೋಡಿದರೆ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖವೂ ಸಿಗುತ್ತಿರಲಿಲ್ಲ. ಆಮೇಲೆ ಒಬ್ಬ ಎನರ್ಗಿಬೆರಾಟರ್ (ಇಂಧನ ಸಲಹೆಗಾರ) ಕೈಯಲ್ಲಿ ಹೈಟ್ಸ್‌ಲಾಸ್ಟ್ ಲೆಕ್ಕ ಮಾಡಿಸಿದೆ, ಅಂದರೆ ಅತಿ ಚಳಿಯ ದಿನ ಯಾವ ಕೋಣೆಗೆ ಎಷ್ಟು ಶಾಖ ಬೇಕು ಅನ್ನುವ ಲೆಕ್ಕ. ಡಿಐಎನ್ ಇಎನ್ 12831 ಅಂತ ಅದಕ್ಕೊಂದು ಮಾನದಂಡವೇ ಇದೆ. ನಮ್ಮ ಇಡೀ ಮನೆಗೆ ಬಂದದ್ದು 8 ಕಿಲೋವ್ಯಾಟ್! ಅದೂ ಹೊರಗೆ ಮೈನಸ್ 12 ಇದ್ದಾಗ. ಅಕ್ಟೋಬರ್‌ನಲ್ಲಿ ಎರಡೋ ಮೂರೋ ಸಾಕು. ನಮ್ಮ ಪಂಪ್‌ಗೆ ನಿಧಾನ ಓಡುವುದು ಗೊತ್ತಿಲ್ಲ, ಓಡಿದರೆ ಪೂರ್ತಿ 16, ಇಲ್ಲದಿದ್ದರೆ ಸೊನ್ನೆ. ಊರಲ್ಲಿ ಸಣ್ಣ ಟ್ಯಾಂಕಿಗೆ ದೊಡ್ಡ ಎಚ್‌ಪಿ ಮೋಟಾರ್ ಹಾಕಿದರೆ ಟ್ಯಾಂಕ್ ಕ್ಷಣದಲ್ಲಿ ತುಂಬಿ ಮೋಟಾರ್ ನಿಲ್ಲುತ್ತದೆ, ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದಲ್ಲ, ಹಾಗೆ. ಕಂಪ್ರೆಸರ್ ಸವೆಯುವುದು ಓಡುವುದಕ್ಕಿಂತ ಜಾಸ್ತಿ ಶುರುವಾಗುವಾಗಲೇ.

ಇದನ್ನು ತಡೆಯೋಕೆ ಅಂತ ಹಾಕಿದವರು ಬಿಸಿನೀರು ಕೂಡಿಟ್ಟುಕೊಳ್ಳುವ ದೊಡ್ಡ ಬಫರ್ ಟ್ಯಾಂಕ್ ಕೂರಿಸಿದ್ದರು. ಅದರೊಳಗೆ ಬಿಸಿನೀರು, ರೇಡಿಯೇಟರ್‌ನಿಂದ ವಾಪಸ್ ಬಂದ ತಣ್ಣೀರು ಎರಡೂ ಬೆರೆಯುತ್ತಿತ್ತು. ಪಂಪ್ 45 ಡಿಗ್ರಿ ಕೊಟ್ಟರೆ ರೇಡಿಯೇಟರ್‌ಗೆ 40 ತಲುಪುತ್ತಿತ್ತು. ಕೋಣೆ ಬೆಚ್ಚಗಾಗಲಿಲ್ಲ ಅಂತ ಪಂಪ್ ಅನ್ನು 50ಕ್ಕೆ ಏರಿಸಿದರು. ನೀರು ಒಂದು ಡಿಗ್ರಿ ಜಾಸ್ತಿ ಬಿಸಿ ಮಾಡಿದರೆ ಕರೆಂಟ್ ಎರಡೂವರೆ ಪರ್ಸೆಂಟ್ ಹತ್ತಿರ ಜಾಸ್ತಿ ಬೇಕು. ಒಂದು ತಪ್ಪು ಅಂಕಿಯನ್ನು ಸರಿದೂಗಿಸಲು ಹೋಗಿ ಮೇಲಿಂದ ಮೇಲೆ ಖರ್ಚು.

ಈಗ ಪರವಾಗಿಲ್ಲ. ಟ್ಯಾಂಕಿನ ಪೈಪ್ ಬದಲಾಯಿಸಿ ನೀರು ಬೆರೆಯದ ಹಾಗೆ ಮಾಡಿಸಿದೆವು. ಎಲ್ಲ ರೇಡಿಯೇಟರ್‌ಗೂ ಸರಿಯಾಗಿ ನೀರು ಹಂಚುವ ಹೈಡ್ರಾಲಿಕ್ ಬ್ಯಾಲೆನ್ಸಿಂಗ್ ಮಾಡಿಸಿದೆವು. ಮಕ್ಕಳ ಕೋಣೆಯ ತೆಳು ರೇಡಿಯೇಟರ್ ತೆಗೆದು ಮೂರು ಪದರದ್ದು ಹಾಕಿದೆವು. ರೇಡಿಯೇಟರ್‌ಗಳ ಥರ್ಮೋಸ್ಟಾಟ್ ವಾಲ್ವ್‌ಗಳನ್ನು ಪೂರ್ತಿ ತೆರೆದಿಟ್ಟು ನೀರಿನ ಬಿಸಿಯನ್ನೇ ಇಳಿಸಿದೆವು. ಬಿಲ್ ಚೆನ್ನಾಗಿಯೇ ಇಳಿಯಿತು. ಆದರೆ ಬೇಡದೆ ಕೊರೆಸಿದ ಬೋರ್‌ನ ದುಡ್ಡು ವಾಪಸ್ ಬರುವುದಿಲ್ಲ. ಆ ಲೆಕ್ಕಕ್ಕೆ ಕೊಟ್ಟದ್ದು ಒಂದು ಬೋರ್‌ನ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ, ಅದನ್ನು ಮೊದಲೇ ಮಾಡಿಸಿದ್ದರೆ ಒಂದೂವರೆ ಬೋರ್ ಸಾಕಾಗುತ್ತಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ನೆಲವಾ ಗಾಳಿಯಾ ಅನ್ನುವುದು ಈಗ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಮನೆಗೆ ಎಷ್ಟು ಕಿಲೋವ್ಯಾಟ್ ಬೇಕು, ನೀರು ಎಷ್ಟು ಡಿಗ್ರಿ ಬಿಸಿ ಇರಬೇಕು, ಈ ಎರಡು ಅಂಕಿ ಮೊದಲು ತೆಗೆಯಿರಿ. ಮೊದಲನೆಯದಕ್ಕೆ ಗ್ಯಾಸ್ ಬಿಲ್ ತೆಗೆದು ವರ್ಷದ ಕಿಲೋವ್ಯಾಟ್ ಅವರ್ ಅನ್ನು 2,000ದಿಂದಲೂ 2,500ರಿಂದಲೂ ಭಾಗಿಸಿ ನೋಡಿ. 20,000 ಸುಟ್ಟಿದ್ದರೆ 8ರಿಂದ 10ರ ನಡುವೆ ಬರುತ್ತದೆ. ಇದು ಅಂದಾಜು ಅಷ್ಟೇ, ಆದರೆ ಯಾರಾದರೂ ಬಂದು 16 ಅಂದರೆ ಯಾಕೆ ಅಂತ ಕೇಳುವಷ್ಟು ಧೈರ್ಯ ಬರುತ್ತದೆ. ಎರಡನೆಯದಕ್ಕೆ ಈ ಚಳಿಗಾಲ ಸೊನ್ನೆಗಿಂತ ಕೆಳಗಿಳಿದ ದಿನ ಈಗಿನ ಬಾಯ್ಲರ್ ಅನ್ನೇ 50 ಡಿಗ್ರಿಗೆ ಇಳಿಸಿ, ಎಲ್ಲ ಥರ್ಮೋಸ್ಟಾಟ್ ತೆರೆದಿಡಿ. ಮನೆ ಬೆಚ್ಚಗೆ ಉಳಿದರೆ ಫ್ಲೋರ್ ಹೀಟಿಂಗ್ ಬೇಡ. ಒಂದೆರಡು ಕೋಣೆ ತಣ್ಣಗಾದರೆ ಅಲ್ಲಿ ಮಾತ್ರ ದೊಡ್ಡ ರೇಡಿಯೇಟರ್ ಹಾಕಿಸಿ. ಹಳೇ ಮನೆಗೆ ಫ್ಲೋರ್ ಹೀಟಿಂಗ್ ಇಲ್ಲದೆ ಹೀಟ್ ಪಂಪ್ ಆಗುವುದೇ ಇಲ್ಲ ಅನ್ನುವವರ ಮಾತಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟಾದ ಮೇಲೂ ನನ್ನನ್ನೇ ಕೇಳಿದರೆ ಗಾಳಿಯದ್ದೇ ಹಾಕಿಸಿ ಅನ್ನುತ್ತೇನೆ. ನೆಲ ಒಳ್ಳೆಯದಲ್ಲ ಅಂತಲ್ಲ. ಹದಿನೈದು ಮೀಟರ್ ಕೆಳಗೆ ವರ್ಷವಿಡೀ 10 ಡಿಗ್ರಿ ಇರುತ್ತದೆ, ಹೊರಗೆ ಮೈನಸ್ ಹತ್ತಾದರೂ ಅಲ್ಲಿಗೆ ತಾಗುವುದಿಲ್ಲ. ಫ್ರೌನ್‌ಹೋಫರ್ ಐಎಸ್‌ಇ ಅನ್ನುವ ಜರ್ಮನ್ ಸಂಶೋಧನಾ ಸಂಸ್ಥೆ ಹಳೇ ಮನೆಗಳಲ್ಲೇ ಅಳೆದು ನೋಡಿದಾಗ ಒಂದು ಯೂನಿಟ್ ಕರೆಂಟಿಗೆ ನೆಲದ ಪಂಪ್ ಸರಾಸರಿ 4.1 ಯೂನಿಟ್ ಶಾಖ ಕೊಟ್ಟಿತು, ಗಾಳಿಯದ್ದು 3.1. ದೊಡ್ಡ ವ್ಯತ್ಯಾಸವೇ. ಆದರೆ ವರ್ಷಕ್ಕೆ 18,000 ಯೂನಿಟ್ ಶಾಖ ಬೇಕಾದ ಮನೆಯಲ್ಲಿ ಉಳಿಯುವುದು 1,400 ಯೂನಿಟ್ ಕರೆಂಟ್, ದುಡ್ಡಿನಲ್ಲಿ ನಾನೂರು ಯೂರೋ ಸುತ್ತಮುತ್ತ. ಅದರಿಂದ ಬೋರ್‌ನ ಖರ್ಚು ತೀರಿಸಲು ಬಹಳ ವರ್ಷ ಬೇಕು. 2024ರ ನಿಯಮದಲ್ಲಿ ಸಬ್ಸಿಡಿ 30 ಪರ್ಸೆಂಟ್‌ನಿಂದ 70ರವರೆಗೆ ಸಿಗುತ್ತದೆ, ನಿಜ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು 30,000 ಯೂರೋ ಖರ್ಚಿನವರೆಗೆ ಮಾತ್ರ. ಬೋರ್ ಸೇರಿದರೆ ಆ ಗೆರೆ ಬೇಗ ದಾಟುತ್ತದೆ, ದಾಟಿದ್ದೆಲ್ಲ ನಿಮ್ಮ ಜೇಬಿನದ್ದು.

ನಿಮ್ಮ ಕಡೆ ಇನ್ನೊಂದು ತೊಂದರೆ ಇದೆ. 2007ರಲ್ಲಿ ನಿಮ್ಮ ರಾಜ್ಯದ್ದೇ ಸ್ಟೌಫೆನ್ ಊರಿನವರು ಟೌನ್‌ಹಾಲ್ ಬಿಸಿ ಮಾಡಲು 140 ಮೀಟರ್ ಬೋರ್ ಕೊರೆಸಿದರು. ಕೆಳಗೆ ಅನ್‌ಹೈಡ್ರೈಟ್ ಅನ್ನುವ ಖನಿಜದ ಪದರ ಇತ್ತು, ಅದಕ್ಕೆ ನೀರು ಸೇರಿ ಜಿಪ್ಸಮ್ ಆಗಿ ಉಬ್ಬಿತು. ನೆಲವೇ ಮೇಲೆದ್ದು 200ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು. ಬೋಬ್ಲಿಂಗೆನ್‌ನಲ್ಲೂ ಇಂಥದ್ದೇ ಆಯಿತು, ಅದು ನಿಮ್ಮ ಪಕ್ಕದಲ್ಲೇ ಇದೆ. ಬೋರ್ ಬೇಕೇ ಬೇಕು ಅಂದರೆ ಮೊದಲು ರಾಜ್ಯದ ಭೂಗರ್ಭ ಇಲಾಖೆಯ ನಕ್ಷೆಯಲ್ಲಿ ನಿಮ್ಮ ಜಾಗ ನೋಡಿ, ನೀರಿನ ಇಲಾಖೆಯ ಅನುಮತಿ ಪಡೆಯಿರಿ. ಗಾಳಿಯ ಪಂಪ್ ಆದರೆ ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿ ಎದುರು ಇಡಬೇಡಿ, ಬರೀ ವಾಸದ ಮನೆಗಳಿರುವ ಕಡೆ ರಾತ್ರಿ ಮಿತಿ 35 ಡೆಸಿಬಲ್.

ತಂಪಿನ ವಿಷಯ. ಬೋರ್ ಇದ್ದರೆ ಬೇಸಿಗೆಯಲ್ಲಿ ಕಂಪ್ರೆಸರ್ ಓಡಿಸದೆ ನೆಲದ ತಂಪನ್ನೇ ಪೈಪಿನಲ್ಲಿ ತಿರುಗಿಸಬಹುದು, ಸಣ್ಣ ಮೋಟಾರಿನ ಕರೆಂಟ್ ಸಾಕು, ಮನೆಯ ಶಾಖ ಕೆಳಗಿಳಿದು ಚಳಿಗಾಲಕ್ಕೆ ಬೋರ್ ಕೂಡ ಚೇತರಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಫ್ಲೋರ್ ಹೀಟಿಂಗ್ ಬೇಕು. ರೇಡಿಯೇಟರ್‌ನಲ್ಲಿ ತಣ್ಣೀರು ಬಿಟ್ಟರೆ ಮೇಲ್ಮೈ ಸಾಲದು, ಜಾಸ್ತಿ ತಣ್ಣಗೆ ಮಾಡಿದರೆ ಹೊರಗೆ ಬೆವರಿ ಗೋಡೆ ಒದ್ದೆಯಾಗುತ್ತದೆ. ನಮ್ಮ ಮನೆಯಲ್ಲಿ ಈಗಲೂ ಬೇಸಿಗೆ ಕಳೆಯುವುದು ಕಿಟಕಿಯ ಹೊರಗಿನ ರೋಲಾಡೆನ್ (ಸುರುಳಿ ಶಟರ್) ಇಳಿಸಿಯೇ. ಊರಲ್ಲಿ ತುಮಕೂರಿನ ಮನೆಗೂ ಇದನ್ನೇ ಮಾಡಿಸೋಣ ಅಂದಿದ್ದೀರಿ, ದಯವಿಟ್ಟು ಬೇಡ. ಅಲ್ಲಿ ನೆಲದೊಳಗೂ 25 ಡಿಗ್ರಿ ಸುತ್ತಮುತ್ತ ಇರುತ್ತದೆ, ಕೊರೆದರೂ ತಂಪು ಸಿಗುವುದಿಲ್ಲ. ಸ್ನಾನದ ನೀರಿಗೆ ಗಾಳಿಯ ಹೀಟ್ ಪಂಪ್ ಗೀಸರ್ ಹಾಕಿಸಿ, ಆ ಹವೆಗೆ ಅದು ಚೆನ್ನಾಗಿ ಒಗ್ಗುತ್ತದೆ.

ಹೈಟ್ಸ್‌ಲಾಸ್ಟ್ ಲೆಕ್ಕ ಕೈಗೆ ಬರುವವರೆಗೂ ಯಾವ ಕೊಟೇಶನ್‌ಗೂ ಸಹಿ ಹಾಕಬೇಡಿ. ಬಂದ ಮೇಲೆ ಅಂಕಿಗಳನ್ನು ಇಲ್ಲೇ ಬರೆಯಿರಿ, ಪಂಪ್ ಎಷ್ಟರದ್ದು ಬೇಕು ಅಂತ ಕೂತು ನೋಡೋಣ.